ಜುಲೈ ಬೇಡ, ಡಿಸೆಂಬರಿನಲ್ಲಿ ಸಾವನದುರ್ಗ ಹತ್ತಿಸಿ



ಊರಿಗೆ ಹೋದಾಗ ಮಕ್ಕಳಿಗೆ ಏನು ತೋರಿಸುತ್ತೇವೆ? ನೆಂಟರ ಮನೆ, ಮದುವೆ ಛತ್ರ, ಮಾಲು, ಮೈಸೂರು ಅರಮನೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ತಾಲ್ಲೂಕಿನಲ್ಲಿರುವ ಸಾವನದುರ್ಗವನ್ನೂ ಈ ಪಟ್ಟಿಗೆ ಸೇರಿಸಿ ಎಂಬುದು ನನ್ನ ಕೋರಿಕೆ. ಆದರೆ ಜುಲೈನಲ್ಲಿ ಮಾತ್ರ ಬೇಡ.

ಸಾವನದುರ್ಗ ಜೋಡಿ ಬೆಟ್ಟ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ, ನಡುವೆ ಕಮರಿ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳು, ಮೇಲೆ ಹಳೆಯ ಕೋಟೆಗೋಡೆ, ಕರಿಗುಡ್ಡದ ತುದಿಯಲ್ಲಿ ಪುಟ್ಟ ನಂದಿ. ಜನ ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು. ಹಾದಿ ಎಂದರೆ ಬಹುಪಾಲು ಬರೀ ಬಂಡೆ.

ನಾವು ಹೋದದ್ದು ಜುಲೈನಲ್ಲಿ. ಇಲ್ಲಿ ಶಾಲೆಗೆ ದೊಡ್ಡ ರಜೆ ಸಿಗುವುದೇ ಆಗ. ಅಲ್ಲಿ ಅದು ಮಳೆಗಾಲ ಎಂಬುದನ್ನು ಮರೆತಿದ್ದೆ! ಅರ್ಧ ಹತ್ತುವಷ್ಟರಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಒಣಗಿದ್ದಾಗ ಬೂಟು ಕಚ್ಚಿ ಹಿಡಿಯುವ ಬಂಡೆ, ಒದ್ದೆಯಾದರೆ ಎಣ್ಣೆ ಸವರಿದ ಹಾಗೆ. ಕೂತು ಕೂತೇ ಕೆಳಗಿಳಿದೆವು. ಮಗಳು ಅಳಲಿಲ್ಲ, "ನೆವರ್ ಅಗೇನ್, ಅಪ್ಪ" ಅಂದಳು. ತಪ್ಪು ಬೆಟ್ಟದ್ದಲ್ಲ, ನನ್ನದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಬೇಸಿಗೆಯಲ್ಲಿ ಇಲ್ಲೇ ಅಭ್ಯಾಸ ಮಾಡಿಸಿ. ಬೋಲ್ಟನ್ನಿನಲ್ಲಿರುವ ನಮಗೆ ಜಾಗಕ್ಕೇನು ಕೊರತೆ? ಊರೊಳಗೇ ಹಂಬರ್ ಕಣಿವೆಯ ಕಾಲುದಾರಿ, ಹತ್ತಿರದಲ್ಲೇ ಆಲ್ಬಿಯನ್ ಹಿಲ್ಸ್, ಕ್ಯಾಲಿಡನ್ನಿನ ಮೇಲೆ ಹಾದುಹೋಗುವ ಬ್ರೂಸ್ ಟ್ರೇಲ್. ಆಮೇಲೆ ಕ್ರಿಸ್‌ಮಸ್ ರಜೆಯಲ್ಲಿ ಸಾವನದುರ್ಗ. ಆಗ ಬಂಡೆ ಒಣಗಿರುತ್ತದೆ, ಬಿಸಿಲೂ ಹಿತ. ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಈ ದುರ್ಗ ಕಿತ್ತುಕೊಂಡಿದ್ದೂ ಡಿಸೆಂಬರಿನಲ್ಲೇ, 1791ರ 21ನೇ ತಾರೀಖು. ಆ ಕಥೆಯನ್ನು ಕೋಟೆಗೋಡೆಗೆ ಒರಗಿ ಕೂತು ಹೇಳಿದರೆ ಯಾವ ಮಗು ಕೇಳುವುದಿಲ್ಲ?

ಡಿಸೆಂಬರಿನಲ್ಲಿ ಟಿಕೆಟ್ ದುಬಾರಿ, ರಜೆಯೂ ಎರಡೇ ವಾರ ಎನ್ನುತ್ತೀರಿ. ನಿಜ. ಪ್ರತಿ ವರ್ಷ ಬೇಡ, ಮಕ್ಕಳು ದೊಡ್ಡವರಾಗುವ ಮೊದಲು ಒಂದು ಸಲವಾದರೂ ಆಗಲಿ. ಅರಣ್ಯ ಇಲಾಖೆಯ ಅನುಮತಿ, ಸಮಯ ಮೊದಲೇ ವಿಚಾರಿಸಿ. ಬೆಳಿಗ್ಗೆ ಬೇಗ ಹೊರಡಿ, ನೀರು ಧಾರಾಳವಾಗಿರಲಿ, ದಾರಿ ಬಲ್ಲವರೊಬ್ಬರು ಜೊತೆಗಿರಲಿ. ಮಳೆ ಹನಿದರೆ ಹಟ ಮಾಡದೆ ಹಿಂದಿರುಗಿ.

ಕಾರಿನ ಕಿಟಕಿಯಿಂದ ನೋಡಿದ ಊರು ಮಕ್ಕಳಿಗೆ ಅಪ್ಪ-ಅಮ್ಮನ ಊರಾಗಿಯೇ ಉಳಿಯುತ್ತದೆ. ಏದುಸಿರು ಬಿಟ್ಟು ಹತ್ತಿದ ಬೆಟ್ಟ ಅವರದೇ ಆಗುತ್ತದೆ. ಮಗಳನ್ನು ಮತ್ತೆ ಒಪ್ಪಿಸುವ ಕೆಲಸ ನನಗಿನ್ನೂ ಬಾಕಿಯಿದೆ. ನೀವು ನನ್ನ ತಪ್ಪು ಮಾಡಬೇಡಿ.

ಏನಂತೀರಿ?