ವೇಗ ಆಮೇಲೆ, ಮೊದಲು ವಾರದ ಲೆಕ್ಕ

ಮಕ್ಕಳನ್ನು ಶಾಲೆಗೆ ಕಳಿಸಿ, ಸಿಗೋ ಅರ್ಧ ಗಂಟೆ ಓಡೋಣ ಅಂತ ಹೊರಟಿದ್ದೀರಾ? ಒಳ್ಳೆಯದೇ. ಆದರೆ ಮೊದಲ ದಿನವೇ ಜೋರಾಗಿ ಓಡಬೇಡಿ. ಹಾಗೆ ಓಡಿ ನಾನು ಎರಡು ವಾರ ಮೊಣಕಾಲು ನೋವಿನಿಂದ ಮೆಟ್ಟಿಲು ಹತ್ತಲಾರದೆ ಕೂತಿದ್ದೆ. ಅತ್ತೆಯ ಹತ್ತಿರ ಬೈಸಿಕೊಂಡದ್ದು ಬೇರೆ!

ನಮ್ಮ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದದ್ದು ಒಂದು ನಿಮಿಷದೊಳಗಿನ ಓಟದಲ್ಲಿ. ನಮ್ಮ ಕಣ್ಣಿಗೆ ಬೀಳುವುದು ಆ ವೇಗ ಮಾತ್ರ, ಹಿಂದಿನ ವರ್ಷಗಟ್ಟಲೆ ತಾಲೀಮಲ್ಲ.

ನಮಗೆ ಬೇಕಾದದ್ದು ದಮ್ಮು. ವಾರಕ್ಕೆ ಒಟ್ಟು ಎಷ್ಟು ಕಿಲೋಮೀಟರ್ ಓಡಿದಿರಿ ಅನ್ನುವುದರ ಮೇಲೆ ಅದು ನಿಂತಿದೆ. ನಿಧಾನ ಓಟದಲ್ಲೂ ಹೃದಯ ಗಟ್ಟಿಯಾಗುತ್ತೆ, ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಆಗ ಅಷ್ಟೇ ಆಯಾಸಕ್ಕೆ ವೇಗ ತಾನಾಗಿ ಏರುತ್ತೆ. ಆದರೆ ಉಸಿರಾಟ ಬೇಗ ಪಳಗುತ್ತೆ, ಮೂಳೆ-ಕೀಲುಗಳು ನಿಧಾನ. ಅವಸರಪಟ್ಟವರಿಗೆ ನೋವು ಬರುವುದು ಇದಕ್ಕೇ.

ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಓಡುವಷ್ಟೇ ವೇಗ ಸಾಕು. ವಾರಕ್ಕೆ ಮೂರು ದಿನ, ದಿನಕ್ಕೆ 2 ಕಿ.ಮೀ. ನಡುವೆ ನಡೆದರೂ ಅಡ್ಡಿಯಿಲ್ಲ. ಪ್ರತಿ ವಾರ ಒಟ್ಟಿಗೆ ಅರ್ಧ ಕಿ.ಮೀ. ಸೇರಿಸಿ. 15 ಕಿ.ಮೀ. ಆರಾಮಾದ ಮೇಲೆ ವಾರದಲ್ಲಿ ಒಂದೇ ದಿನ, ನಾಲ್ಕೈದು ಸಲ ಅರ್ಧರ್ಧ ನಿಮಿಷ ಜೋರಾಗಿ ಓಡಿ. ಬಿ.ಪಿ., ಹೃದಯದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಶುರುಮಾಡಿ.