ಹೊಸ ಲ್ಯಾಪ್‌ಟಾಪ್‌ಗೆ ಜೂನ್‌ವರೆಗೆ ಕಾಯಬೇಕಾ?

"ಈಗ ತಗೊಳ್ಬೇಡ ಮಾರಾಯಾ, ಜೂನ್‌ವರೆಗೆ ಕಾಯಿ. ಹೊಸತು ಬರ್ತದೆ."

ಉಜಿರೆಗೆ ಹೋಗುವ ಬಸ್ಸಿನಲ್ಲಿ ಈ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ನಾನು ನೆರಿಯದವನು, ಬಿಸಿಎ ಕೊನೆಯ ವರ್ಷದ ವಿದ್ಯಾರ್ಥಿ. ನಮ್ಮ ಕಡೆ ಲ್ಯಾಪ್‌ಟಾಪ್ ಕೊಳ್ಳುವುದು ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ. ಒಮ್ಮೆ ಕೊಂಡರೆ ಐದು ವರ್ಷ ಅದೇ. ತಂಗಿಯೋ ತಮ್ಮನೋ ಕಾಲೇಜಿಗೆ ಸೇರಿದರೆ ಅವರಿಗೂ ಅದೇ. ಹಾಗಾಗಿ 'ಕಾಯಬೇಕಾ, ಕೊಳ್ಳಬೇಕಾ' ಎಂಬ ಪ್ರಶ್ನೆ ನಮಗೆ ಮೋಜಿನ ಚರ್ಚೆಯಲ್ಲ. ಮನೆಯ ಲೆಕ್ಕಾಚಾರ.

ಮಾರ್ಚ್‌ನಲ್ಲಿ ಎನ್ವಿಡಿಯಾ ಕಂಪನಿಯ ಜಿಟಿಸಿ, ಜೂನ್‌ನಲ್ಲಿ ಆ್ಯಪಲ್‌ನ ಡಬ್ಲ್ಯುಡಬ್ಲ್ಯುಡಿಸಿ. ಎರಡೂ ಮೂಲತಃ ತಂತ್ರಾಂಶ ಬರೆಯುವವರ, ಅಂದರೆ ಡೆವಲಪರ್‌ಗಳ ಸಮ್ಮೇಳನಗಳು. ಆದರೆ ಅವು ಹತ್ತಿರ ಬಂದಂತೆಲ್ಲ ಯೂಟ್ಯೂಬ್ ತುಂಬ ಹೊಸ ಚಿಪ್, ಹೊಸ ಲ್ಯಾಪ್‌ಟಾಪ್‌ಗಳದ್ದೇ ಊಹಾಪೋಹ. ಈ ಊಹೆಗಳನ್ನು ನಂಬಿ ಕಾಯುವ ಮೊದಲು ಹಿಂದೆ ಏನಾಗಿದೆ ಎಂದು ನೋಡುವುದು ಒಳ್ಳೆಯದು.

ಊಹೆ ಎಷ್ಟು ನಿಜವಾಯಿತು?

ಆ್ಯಪಲ್‌ನ ಜೂನ್ ಸಮ್ಮೇಳನವನ್ನೇ ತೆಗೆದುಕೊಳ್ಳಿ. 2021ರಲ್ಲಿ ಹೊಸ ಮ್ಯಾಕ್‌ಬುಕ್ ಪ್ರೊ ಬಂದೇ ಬರುತ್ತದೆ ಎಂಬ ಸುದ್ದಿ ಜೋರಾಗಿತ್ತು. ಬರಲಿಲ್ಲ, ಅದು ಬಂದದ್ದು ಅಕ್ಟೋಬರ್‌ನಲ್ಲಿ. 2022ರಲ್ಲಿ ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಬಂತು. 2023ರಲ್ಲಿ 15 ಇಂಚಿನ ಏರ್ ಜತೆಗೆ ವಿಷನ್ ಪ್ರೊ ಕೂಡ ಬಂತು. ಆದರೆ ವಿಷನ್ ಪ್ರೊ ಅಮೆರಿಕದ ಅಂಗಡಿಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. 2024 ಮತ್ತು 2025ರ ಸಮ್ಮೇಳನಗಳಲ್ಲಿ ಒಂದೇ ಒಂದು ಹೊಸ ಕಂಪ್ಯೂಟರ್ ಬರಲಿಲ್ಲ. ಬರೀ ತಂತ್ರಾಂಶ. ಐದು ವರ್ಷದಲ್ಲಿ ಮೂರು ಸಲ, ಕಾದವರಿಗೆ ಜೂನ್‌ನಲ್ಲಿ ಸಿಕ್ಕಿದ್ದು ಏನೂ ಇಲ್ಲ.

ಘೋಷಣೆಯಾದರೂ ಬೆಲೆ ಅದೇ ಇರುತ್ತದೆ ಎಂಬ ಖಾತ್ರಿಯಿಲ್ಲ. ಎನ್ವಿಡಿಯಾ 2025ರ ಜನವರಿಯಲ್ಲಿ ಮೇಜಿನ ಮೇಲಿಡುವ ಪುಟ್ಟ ಎಐ ಕಂಪ್ಯೂಟರ್ ಒಂದನ್ನು ಘೋಷಿಸಿತು. ಬೆಲೆ 3,000 ಡಾಲರ್‌ನಿಂದ ಶುರು, ಮೇ ತಿಂಗಳಲ್ಲಿ ಲಭ್ಯ ಎಂದಿತು. ಮಾರ್ಚ್‌ನ ಜಿಟಿಸಿಯಲ್ಲಿ ಅದಕ್ಕೆ 'ಡಿಜಿಎಕ್ಸ್ ಸ್ಪಾರ್ಕ್' ಎಂದು ಹೆಸರಿಟ್ಟಿತು. ಕೊನೆಗೆ ಅದು ಮಾರಾಟಕ್ಕೆ ಬಂದದ್ದು ಅಕ್ಟೋಬರ್‌ನಲ್ಲಿ, 3,999 ಡಾಲರ್‌ಗೆ.

ಹೊಸ ಯಂತ್ರದ ಜತೆ ಹೇಳಿದ ಸೌಲಭ್ಯಗಳ ಕಥೆಯೂ ಇದೇ. ಮೈಕ್ರೋಸಾಫ್ಟ್ ತನ್ನ 'ಬಿಲ್ಡ್' ಸಮ್ಮೇಳನದ ಹಿಂದಿನ ದಿನ, 2024ರ ಮೇ 20ರಂದು, 'ಕೋಪೈಲಟ್ ಪ್ಲಸ್' ಲ್ಯಾಪ್‌ಟಾಪ್‌ಗಳನ್ನು ಪರಿಚಯಿಸಿತು. ಅವುಗಳ ದೊಡ್ಡ ಆಕರ್ಷಣೆ 'ರಿಕಾಲ್' ಎಂಬ ಸೌಲಭ್ಯ. ಲ್ಯಾಪ್‌ಟಾಪ್ ಜೂನ್‌ನಲ್ಲಿ ಬಂತು, ಖಾಸಗಿತನದ ಟೀಕೆಗೆ ಸಿಕ್ಕ ರಿಕಾಲ್ ಎಲ್ಲರಿಗೂ ಸಿಗತೊಡಗಿದ್ದು 2025ರ ಏಪ್ರಿಲ್‌ನಲ್ಲಿ. ಆ್ಯಪಲ್ 2024ರ ಜೂನ್‌ನಲ್ಲಿ ತೋರಿಸಿದ ಹೊಸ ಸಿರಿಯನ್ನೂ 2025ರ ಮಾರ್ಚ್‌ನಲ್ಲಿ ಮುಂದೂಡಿತು. ವೇದಿಕೆಯ ಮೇಲೆ ಕಂಡದ್ದನ್ನು ನಂಬಿ ದುಡ್ಡು ಕೊಟ್ಟವರು ತಿಂಗಳುಗಟ್ಟಲೆ ಕಾದರು.

ಪೆಟ್ಟಿಗೆ ನೋಡಬೇಡಿ, ಷರತ್ತು ನೋಡಿ

ಹಾಗಾದರೆ ಈ ಸಮ್ಮೇಳನಗಳು ನಮಗೆ ಬೇಡವೇ? ಬೇಕು. ಆದರೆ ನೋಡಬೇಕಾದದ್ದು ಬೇರೆ. ಡೆವಲಪರ್ ಸಮ್ಮೇಳನದಲ್ಲಿ ಹಾರ್ಡ್‌ವೇರ್‌ನ ನಿಜವಾದ ಸುದ್ದಿ ಇರುವುದು ತಂತ್ರಾಂಶದ ಮಾತಿನೊಳಗೆ. ಮುಂದಿನ ತಂತ್ರಾಂಶ ಯಾವ ಯಂತ್ರದಲ್ಲಿ ಓಡುತ್ತದೆ, ಯಾವುದರಲ್ಲಿ ಓಡುವುದಿಲ್ಲ ಎಂಬ ಒಂದು ಸಾಲು ನಮ್ಮ ಕೈಯಲ್ಲಿರುವ ಯಂತ್ರದ ಆಯುಷ್ಯವನ್ನು ಹೇಳುತ್ತದೆ.

2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಇದೇ ಸಮ್ಮೇಳನದಲ್ಲಿ ಮ್ಯಾಕ್‌ಗಳು ಇನ್ನು ಇಂಟೆಲ್ ಚಿಪ್‌ಗೆ ಹೋಗುತ್ತವೆ ಎಂದರು. ನಾಲ್ಕು ವರ್ಷ ಕಳೆದು 2009ರಲ್ಲಿ ಬಂದ ಹೊಸ ಮ್ಯಾಕ್ ತಂತ್ರಾಂಶ ಹಳೆಯ ಪವರ್‌ಪಿಸಿ ಯಂತ್ರಗಳಲ್ಲಿ ಓಡಲಿಲ್ಲ. 2020ರ ಜೂನ್‌ನಲ್ಲಿ ಇಂಟೆಲ್ ಬಿಟ್ಟು ಸ್ವಂತ ಚಿಪ್‌ಗೆ ಹೋಗುವುದಾಗಿ ಆ್ಯಪಲ್ ಹೇಳಿತು, ನವೆಂಬರ್‌ನಲ್ಲಿ ಎಂ1 ಬಂತು. 2025ರ ಜೂನ್‌ನಲ್ಲಿ ಅದರ ಇನ್ನೊಂದು ತುದಿ ಕಂಡಿತು: ಇಂಟೆಲ್ ಮ್ಯಾಕ್‌ಗಳಿಗೆ 'ಟಾಹೋ' ಕೊನೆಯ ಆವೃತ್ತಿ ಎಂದು ಕಂಪನಿ ತಿಳಿಸಿತು. ಅದು ಕೂಡ ಆಯ್ದ ನಾಲ್ಕು ಇಂಟೆಲ್ ಮಾದರಿಗಳಿಗೆ ಮಾತ್ರ. 2020ರ ಇಂಟೆಲ್ ಮ್ಯಾಕ್‌ಬುಕ್ ಏರ್ ಆ ಪಟ್ಟಿಯಲ್ಲೇ ಇಲ್ಲ.

ಇದರಿಂದ ನಮಗೇನು ಎನ್ನಬೇಡಿ. ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ಹುಡುಕುತ್ತ ಮಂಗಳೂರಿನ ಅಂಗಡಿಗಳನ್ನು ಸುತ್ತುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೊರಗೆ ಫಳಫಳ ಹೊಳೆಯುವ ಇಂಟೆಲ್ ಮ್ಯಾಕ್‌ಬುಕ್ ಕಡಿಮೆ ಬೆಲೆಗೆ ಸಿಗುತ್ತದೆ. ಏಕೆ ಕಡಿಮೆ ಎಂಬುದಕ್ಕೆ ಉತ್ತರ ಆ ಜೂನ್‌ನ ಒಂದು ಸಾಲಿನಲ್ಲಿದೆ.

ವಿಂಡೋಸ್ ಕಥೆಯೂ ಹೀಗೆಯೇ. 2021ರ ಜೂನ್ 24ರಂದು ವಿಂಡೋಸ್ 11 ಪ್ರಕಟವಾದಾಗ ಎಲ್ಲರೂ ನೋಡಿದ್ದು ಹೊಸ ಸ್ಟಾರ್ಟ್ ಮೆನು. ನೋಡಬೇಕಿದ್ದದ್ದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಡ್ಡಾಯ, ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಬಹುತೇಕ ಚಿಪ್‌ಗಳು ಆಗುವುದಿಲ್ಲ ಎಂಬ ಷರತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಉಂಟು, ಅಷ್ಟೇ. ಅಣ್ಣನ ಹಳೆಯ ಲ್ಯಾಪ್‌ಟಾಪ್ ಬಳಸುತ್ತಿರುವವರು ಇದನ್ನು ಇವತ್ತೇ ನೋಡಿಕೊಳ್ಳಿ.

ಕೋಪೈಲಟ್ ಪ್ಲಸ್‌ಗೆ ಕನಿಷ್ಠ 16 ಜಿಬಿ ಮೆಮೊರಿ ಬೇಕೆಂದು ಮೈಕ್ರೋಸಾಫ್ಟ್ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ್ಯಪಲ್ ಕೂಡ ತನ್ನ ಮ್ಯಾಕ್‌ಬುಕ್‌ಗಳನ್ನು 8ರಿಂದ 16 ಜಿಬಿಗೆ ಏರಿಸಿತು. ಎರಡು ದೊಡ್ಡ ಕಂಪನಿಗಳು ಒಂದೇ ವರ್ಷ ಒಂದೇ ಅಂಕಿಗೆ ಬಂದು ನಿಂತವು ಎಂದರೆ, 8 ಜಿಬಿಯ ಯಂತ್ರ ಐದು ವರ್ಷ ಬಾಳುವುದು ಕಷ್ಟ ಎಂದೇ ಅರ್ಥ. ಈ ಜೂನ್‌ನಲ್ಲಿಯೂ ನನ್ನ ಊಹೆ ಇಷ್ಟೇ: ಹೊಸ ಪೆಟ್ಟಿಗೆ ಬಂದರೂ ಬರಬಹುದು, ಬಾರದಿದ್ದರೂ ಆಶ್ಚರ್ಯವಿಲ್ಲ. ಎಐ ಸೌಲಭ್ಯಗಳಂತೂ ಹೆಚ್ಚುತ್ತವೆ, ಅವು ಕೇಳುವ ಮೆಮೊರಿಯೂ ಹೆಚ್ಚುತ್ತದೆ.

ನಮ್ಮ ಬೆಂಗಳೂರಿನ ಘೋಷಣೆ

ಕಾಯುವಂತೆ ಮಾಡಿದ್ದು ಅಮೆರಿಕದ ಕಂಪನಿಗಳು ಮಾತ್ರವಲ್ಲ. 2025ರ ನವೆಂಬರ್‌ನ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಮೂಲಕ 'ಕಿಯೋ' ಎಂಬ ಪುಟ್ಟ ಕಂಪ್ಯೂಟರ್ ಅನಾವರಣಗೊಳಿಸಿತು. ಬೆಲೆ 18,999 ರೂಪಾಯಿ. ಒಳಗೆ ರಿಸ್ಕ್‌-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ಲಿನಕ್ಸ್ ಆಧಾರಿತ ವ್ಯವಸ್ಥೆ, ಶಾಲಾ ಪಠ್ಯ ಕಲಿತ 'ಬುದ್ಧ್' ಎಂಬ ಎಐ ಸಹಾಯಕ. ಸುದ್ದಿ ಬಂದ ದಿನ ನಮ್ಮ ಕ್ಲಾಸಿನ ಗ್ರೂಪ್‌ನಲ್ಲಿ "ಇನ್ನು ಲ್ಯಾಪ್‌ಟಾಪ್ ಯಾಕೆ" ಎಂದು ಬರೆದವರಿದ್ದರು.

ನನಗೂ ಇದು ಹೆಮ್ಮೆಯ ಸುದ್ದಿಯೇ. ಆದರೆ ಹೆಮ್ಮೆಗೂ ಷರತ್ತಿನ ಪರೀಕ್ಷೆ ಬೇಕು. ರಿಸ್ಕ್‌-ಫೈವ್ ಮತ್ತು ಲಿನಕ್ಸ್ ಎಂದರೆ ಪೈಥಾನ್, ಸಿ, ಜಾವಾ ಕಲಿಯಲು ಅಡ್ಡಿಯಿಲ್ಲ. ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು ಉಚಿತ ತಂತ್ರಾಂಶಗಳಿವೆ. ಆದರೆ ಬಿಕಾಂ ಹುಡುಗರಿಗೆ ಬೇಕಾದ ಟ್ಯಾಲಿ ವಿಂಡೋಸ್‌ಗೆ ಬರೆದದ್ದು. ಇಂಟೆಲ್, ಎಎಂಡಿ ಚಿಪ್‌ಗೆಂದು ಬರೆದ ತಂತ್ರಾಂಶ ರಿಸ್ಕ್‌-ಫೈವ್‌ನಲ್ಲಿ ಹಾಗೆಯೇ ಓಡುವುದಿಲ್ಲ. ಕ್ಯಾಂಪಸ್ ಸಂದರ್ಶನದ ಆನ್‌ಲೈನ್ ಪರೀಕ್ಷೆಗಳಲ್ಲಿ ಕ್ಯಾಮೆರಾ ಮೂಲಕ ನಿಗಾ ಇಡುವ ತಂತ್ರಾಂಶಗಳು ಹೆಚ್ಚಾಗಿ ವಿಂಡೋಸ್ ಕೇಳುತ್ತವೆ. ಮನೆಯ ಮಕ್ಕಳು ಕಲಿಯಲು, ಹಳ್ಳಿಯ ಶಾಲೆಗೆ, ಗ್ರಂಥಾಲಯಕ್ಕೆ ಕಿಯೋ ಬಹಳ ಒಳ್ಳೆಯದಾಗಬಹುದು. ಕೆಲಸ ಹುಡುಕುವವನ ಏಕೈಕ ಯಂತ್ರವಾಗಿ ಅದನ್ನು ನಂಬಿ ಕೂರುವುದು ಬೇರೆ ಮಾತು.

ಬೆಂಗಳೂರಿಗೆ ಇದು ಮೊದಲ ಪ್ರಯತ್ನವೂ ಅಲ್ಲ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳು ಸೇರಿ ಸುಮಾರು 9 ಸಾವಿರ ರೂಪಾಯಿಗೆ ಕೊಡುವ ಗುರಿಯೊಂದಿಗೆ 'ಸಿಂಪ್ಯೂಟರ್' ತೋರಿಸಿದರು. ಅಂಗೈಯಲ್ಲಿ ಹಿಡಿಯುವ, ಭಾರತೀಯ ಭಾಷೆಯಲ್ಲಿ ಓದಿ ಹೇಳುವ ಕಂಪ್ಯೂಟರ್. ಜಗತ್ತೇ ಬೆರಗಾಯಿತು. ಅದರ ಒಂದು ರೂಪವಾದ 'ಅಮಿಡಾ' ಮಾರುಕಟ್ಟೆಗೆ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಜನರ ಕೈಗೆ ಅಗ್ಗದ ಮೊಬೈಲ್ ಬರತೊಡಗಿತ್ತು. ಸಿಂಪ್ಯೂಟರ್ ಕೆಲವು ಸಾವಿರಕ್ಕಿಂತ ಮೇಲೇಳಲಿಲ್ಲ. ವಿನ್ಯಾಸದಲ್ಲಿ ದೋಷವಿತ್ತು ಎಂದಲ್ಲ. ಘೋಷಣೆಗೂ ಅಂಗಡಿಗೂ ನಡುವಿನ ದಾರಿ ಉದ್ದವಾಯಿತು, ಅದಕ್ಕೆ ತಂತ್ರಾಂಶ ಬರೆಯುವವರ ಬಳಗ ಬೆಳೆಯಲಿಲ್ಲ. ಕಿಯೋ ಗೆಲ್ಲಬೇಕಾದರೆ ನಮ್ಮಂಥ ವಿದ್ಯಾರ್ಥಿಗಳೇ ಅದಕ್ಕೆ ತಂತ್ರಾಂಶ ಬರೆಯಬೇಕು. ಅದಕ್ಕೆ ಕಾಲೇಜು ಲ್ಯಾಬ್‌ಗಳಿಗೆ ಯಂತ್ರ ತಲುಪಬೇಕು.

ಕಾದರೆ ರೇಟು ಇಳಿಯುತ್ತದಾ?

ನಮ್ಮ ಅಪ್ಪ ಕೇಳುವುದು ಒಂದೇ ಪ್ರಶ್ನೆ: "ಕಾದರೆ ರೇಟು ಇಳಿಯುತ್ತದಾ?" ಅಡಿಕೆ ಬೆಳೆಗಾರನಿಗೆ ಕಾಯುವುದು ಗೊತ್ತು. ಚಾಲಿ ಅಡಿಕೆಯನ್ನು ಅಟ್ಟದಲ್ಲಿ ಇಟ್ಟರೆ ಹಳೆ ಅಡಿಕೆಯಾಗುತ್ತದೆ, ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತದೆ. ಅಲ್ಲಿ ಕಾಯುವುದಕ್ಕೆ ಕೂಲಿ ಉಂಟು.

ಕಂಪ್ಯೂಟರ್‌ನಲ್ಲಿ ಇಷ್ಟು ವರ್ಷ ಕಾದರೆ ಅಗ್ಗ ಎಂಬುದೇ ನಿಯಮವಾಗಿತ್ತು. ಹೊಸ ಮಾದರಿ ಬಂದಾಗ ಹಳೆಯದರ ಬೆಲೆ ಇಳಿಯುತ್ತಿತ್ತು. ಈಗ ಆ ನಿಯಮ ಅಲುಗಾಡಿದೆ. ಜಗತ್ತಿನ ಮೆಮೊರಿ ಚಿಪ್‌ಗಳ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳು ಅವರ ಮಾಲನ್ನು ಸಗಟಾಗಿ ಕೊಳ್ಳುತ್ತಿವೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ಮೆಮೊರಿ ಮಾರುತ್ತಿದ್ದ ತನ್ನ 'ಕ್ರೂಷಿಯಲ್' ವ್ಯವಹಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಜಿಟಿಸಿ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುವ ಪ್ರತಿ ಹೊಸ ಎಐ ಯಂತ್ರವೂ ನಾವು ಕೊಳ್ಳುವ ಲ್ಯಾಪ್‌ಟಾಪ್‌ನ ಮೆಮೊರಿಯ ಜತೆ ಸ್ಪರ್ಧಿಸುತ್ತದೆ ಎಂಬುದನ್ನು ಯಾವ ಯೂಟ್ಯೂಬರ್ ಹೇಳುತ್ತಾನೆ?

ತೆರಿಗೆ ಇಳಿಯುತ್ತದೆ ಎಂದು ಕಾದವರೂ ಇದ್ದರು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ ಟಿವಿ, ಎಸಿಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲೇ ಶೇ 18ರಲ್ಲಿತ್ತು, ಅಲ್ಲಿಯೇ ಉಳಿಯಿತು.

ಇನ್ನೊಂದು ಬೆಲೆಯೂ ಇದೆ. ಕ್ಯಾಂಪಸ್ ಸಂದರ್ಶನ ಬರುವುದು ನಮ್ಮ ಕೊನೆಯ ಸೆಮಿಸ್ಟರ್‌ನಲ್ಲಿ. ಲ್ಯಾಬ್ ಸಂಜೆ ಮುಚ್ಚುತ್ತದೆ, ದೂರದ ಊರಿನವರಿಗೆ ಬಸ್ಸಿನ ಹೊತ್ತು ನೋಡಬೇಕು. ಮೊಬೈಲ್‌ನಲ್ಲಿ ಕೋಡ್ ಓದಬಹುದು, ಬರೆದು ಅಭ್ಯಾಸ ಮಾಡುವುದು ಕಷ್ಟ. ಅಡಿಕೆ ಅಟ್ಟದಲ್ಲಿ ಹಳತಾದರೆ ಬೆಲೆ ಏರುತ್ತದೆ, ಸೆಮಿಸ್ಟರ್ ಹಳತಾದರೆ ಏನೂ ಏರುವುದಿಲ್ಲ.

ಹಾಗಾದರೆ ಮಾಡುವುದೇನು?

ನನ್ನ ಲೆಕ್ಕ ಹೀಗಿದೆ. ಕೈಯಲ್ಲಿ ಓಡುವ ಯಂತ್ರವಿದ್ದು, ಘೋಷಣೆಗೆ ಎರಡು ಮೂರು ವಾರ ಮಾತ್ರ ಬಾಕಿಯಿದ್ದರೆ ಕಾಯಿರಿ. ಹೊಸತು ಬಂದರೆ ಹಳೆಯದರ ಮೇಲೆ ರಿಯಾಯಿತಿ ಸಿಕ್ಕೀತು. ಕೈಯಲ್ಲಿ ಯಂತ್ರವೇ ಇಲ್ಲದಿದ್ದರೆ, ಮುಂದಿನ ನಾಲ್ಕು ತಿಂಗಳಲ್ಲಿ ಪ್ರಾಜೆಕ್ಟ್ ಅಥವಾ ಸಂದರ್ಶನ ಇದ್ದರೆ, ಕಾಯಬೇಡಿ.

ಕೊಳ್ಳುವಾಗ 16 ಜಿಬಿ ಮೆಮೊರಿ ನೋಡಿ. ಬಜೆಟ್ ಸಾಲದಿದ್ದರೆ 8 ಜಿಬಿಯದ್ದಾದರೂ ಸರಿ, ಮುಂದೆ ಮೆಮೊರಿ ಸೇರಿಸುವ ಸ್ಲಾಟ್ ಇರಲಿ. ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡಿಗೇ ಬೆಸೆದಿರುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ ವಿಂಡೋಸ್ 11 ಓಡುತ್ತದೆಯೇ ಎಂದು ಪರೀಕ್ಷಿಸಿ. ಸರ್ವಿಸ್ ಸೆಂಟರ್ ಮಂಗಳೂರಿನಲ್ಲಿ ಇದೆಯೇ ಎಂದೂ ನೋಡಿ. ನಮಗೆ ಅದೇ ಒಂದು ದಿನದ ರಜೆ, ಬೆಂಗಳೂರು ಎಂದಾದರೆ ಇನ್ನೂ ಕಷ್ಟ.

ಯಾವುದೇ ಘೋಷಣೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಭಾರತದ ಬೆಲೆ ಹೇಳಿದ್ದಾರೆಯೇ? ಅಂಗಡಿಗೆ ಬರುವ ದಿನಾಂಕ ಹೇಳಿದ್ದಾರೆಯೇ? ನನ್ನ ಕೆಲಸದ ತಂತ್ರಾಂಶ ಅದರಲ್ಲಿ ಓಡುತ್ತದೆಯೇ? ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ನಾಲ್ಕಕ್ಕೂ ಉತ್ತರವಿದ್ದರೆ ಅದು ಕೊಳ್ಳಬಹುದಾದ ವಸ್ತು. ಇಲ್ಲದಿದ್ದರೆ ಅದಿನ್ನೂ ಸುದ್ದಿ ಮಾತ್ರ.

ಜೂನ್‌ನ ಆ ಭಾಷಣ ನಮ್ಮಲ್ಲಿ ನೇರಪ್ರಸಾರವಾಗುವುದು ಸಾಮಾನ್ಯವಾಗಿ ರಾತ್ರಿ ಹತ್ತೂವರೆಗೆ. ಕರೆಂಟು, ನೆಟ್‌ವರ್ಕ್ ಎರಡೂ ಇದ್ದರೆ ಖಂಡಿತ ನೋಡಿ. ಪೆಟ್ಟಿಗೆಯ ಬಣ್ಣ ಬಿಟ್ಟು ಷರತ್ತಿನ ಸಾಲು ಬರೆದಿಟ್ಟುಕೊಳ್ಳಿ. ಮುಂದಿನ ಐದು ವರ್ಷ ಉಪಯೋಗಕ್ಕೆ ಬರುವುದು ಅದು.