ವಿದ್ಯಾರ್ಥಿಯ ಬಾಯಿಗೆ ಬೀಗವೇಕೆ?

“ವಿದ್ಯಾರ್ಥಿಗಳು ಓದಲಿ, ರಾಜಕಾರಣ ಅವರಿಗೇಕೆ?” ಎಂದು ನುಡಿಯುವ ಹಿರಿಯರು ನಮ್ಮ ನಾಡಿನಲ್ಲಿ ಎಂದಿಗೂ ಕಡಿಮೆಯಾಗಿಲ್ಲ. ಮಾತು ಕೇಳಲು ಹಿತವಾದುದೇ. ಆದರೆ ವಿಚಾರದ ಮುಂದೆ ನಿಲ್ಲತಕ್ಕುದಲ್ಲ. 1942ರಲ್ಲಿ ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಮಹಾದೇವ ಡೋಣಿ ಇನ್ನೂ ಬಾಲಕ. 1947ರಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ನಡೆದ ಮೈಸೂರು ಚಲೋ ಹೋರಾಟದಲ್ಲಿ ಪ್ರಾಣ ತೆತ್ತ ರಾಮಸ್ವಾಮಿ ವಿದ್ಯಾರ್ಥಿ. ಆತನ ಹೆಸರಿನ ವೃತ್ತ ಮೈಸೂರಿನಲ್ಲಿದೆ. ಮಡಿದ ವಿದ್ಯಾರ್ಥಿಗೆ ಸ್ಮಾರಕ, ಬದುಕಿರುವ ವಿದ್ಯಾರ್ಥಿಗೆ ಮೌನದ ಉಪದೇಶ! ಇದಾವ ನ್ಯಾಯವೆಂದು ನಾವು ಕೇಳುತ್ತೇವೆ.

1989ರ ಮಾರ್ಚ್ 28ರಂದು ಸಂವಿಧಾನದ 61ನೆಯ ತಿದ್ದುಪಡಿ ಜಾರಿಗೆ ಬಂದು, ಮತದಾನದ ವಯಸ್ಸು 21ರಿಂದ 18ಕ್ಕಿಳಿಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋದವು. ದೇಶವನ್ನಾಳುವವರನ್ನು ಆರಿಸಲು ಯೋಗ್ಯನಾದ ತರುಣನು ತನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸಲು ಅಯೋಗ್ಯನಾದನು!

ಹೊಡೆದಾಟ, ಹಣದ ಹಾವಳಿ, ಪಕ್ಷಗಳ ಕೈವಾಡ ಇವೇ ಕಾರಣವೆನ್ನುವರು. ಇವು ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೇ? ಮದ್ದು ಇಲ್ಲದಿಲ್ಲ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಲಿಂಗ್ಡೋ ಸಮಿತಿಯು 2006ರಲ್ಲಿ ಕಟ್ಟುಪಾಡುಗಳನ್ನು ಸೂಚಿಸಿತು: ಅಭ್ಯರ್ಥಿಯ ವೆಚ್ಚ 5,000 ರೂಪಾಯಿ ಮೀರಕೂಡದು, ಹಾಜರಿ ನೂರಕ್ಕೆ 75 ಇರಬೇಕು, ಅಚ್ಚು ಹಾಕಿಸಿದ ಭಿತ್ತಿಪತ್ರ ಸಲ್ಲದು. ಅದೇ ವರ್ಷ ನ್ಯಾಯಾಲಯವು ಇವನ್ನು ಅನುಷ್ಠಾನಕ್ಕೆ ತರಲು ಆಜ್ಞಾಪಿಸಿತು. ವಾತಾವರಣ ಹದವಾಗಿಲ್ಲದೆಡೆ ನಾಮಕರಣ ಪದ್ಧತಿ ನಡೆಯಬಹುದು, ಆದರೆ 5 ವರ್ಷಗಳೊಳಗೆ ಚುನಾವಣೆಗೆ ಮರಳಬೇಕೆಂದೂ ಸಮಿತಿ ಹೇಳಿತ್ತು. ಆ 5 ವರ್ಷಗಳು 2011ಕ್ಕೇ ತೀರಿದವು. ನಮ್ಮ ಕಾಲೇಜುಗಳ ಬೀಗ ಮಾತ್ರ ತೆರೆಯಲಿಲ್ಲ.

ಪ್ರಾಚಾರ್ಯರು ನೇಮಿಸಿದ ಪ್ರತಿನಿಧಿಯು ಪ್ರಾಚಾರ್ಯರೆದುರು ಏನನ್ನು ತಾನೆ ಕೇಳಿಯಾನು? ವಿದ್ಯಾರ್ಥಿವೇತನ ತಡವಾದರೆ, ವಸತಿನಿಲಯದ ಊಟ ಕೆಟ್ಟರೆ, ಅಧ್ಯಾಪಕರ ಹುದ್ದೆ ಖಾಲಿ ಬಿದ್ದರೆ, ಅದರ ಪೆಟ್ಟು ಬೀಳುವುದು ಬಡವರ ಮಕ್ಕಳ ಮೇಲೆ. ಉಳ್ಳವನ ಮಗನು ಬೇರೆ ಕಾಲೇಜಿಗೆ ಹೋದಾನು. ಇಲ್ಲದವನಿಗೆ ಸಂಘದ ದನಿಯೊಂದೇ ಆಸರೆ. ಆ ದನಿಯನ್ನು ಅಡಗಿಸಿದ ಮೇಲೆ ದುಃಖವು ಬೀದಿಗಿಳಿದರೆ, “ಹುಡುಗರು ಕೆಟ್ಟರು” ಎಂದು ಹಳಿಯಲು ನಮಗಾವ ಅಧಿಕಾರ?

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಚಳವಳಿಗಿಳಿಯಿರಿ, ಪಕ್ಷದ ಬಾಲವಾಗಬೇಡಿರಿ. ಜಾತಿಯ ಲೆಕ್ಕದಿಂದ ಗೆದ್ದವನು ಸಂಘವನ್ನು ಗೆಲ್ಲಿಸಲಾರ. ಓದನ್ನು ಬಿಟ್ಟ ಮುಖಂಡನಿಗೆ ಓದುವವರ ಕಷ್ಟ ತಿಳಿಯದು. ಕೇಳುವುದನ್ನು ಬರೆದು ಕೇಳಿರಿ, ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸಿರಿ, ಸೋತಾಗ ಗೆದ್ದವನ ಕೈ ಹಿಡಿಯಿರಿ. ಪ್ರಜಾಪ್ರಭುತ್ವದ ಪಾಠವೆಂದರೆ ಇದೇ.

ಅಧ್ಯಾಪಕ ಬಂಧುಗಳೇ, ಪೌರನೀತಿಯನ್ನು ಪುಸ್ತಕದಿಂದ ಕಲಿಸುವವರು ತಾವು. ನೀರಿಗಿಳಿಸದೆ ಈಜು ಕಲಿಸಿದವರುಂಟೇ? ಮುಳುಗದಂತೆ ದಡದಲ್ಲಿ ನಿಂತು ಕಾಯುವುದು ತಮ್ಮ ಧರ್ಮ. ಕೆರೆಗೆ ಬೇಲಿ ಹಾಕುವುದಲ್ಲ. ಕಟ್ಟುಪಾಡುಗಳೊಡನೆ ಕಾಲೇಜು ಚುನಾವಣೆಗಳು ಮರಳಲೇಬೇಕೆಂಬುದು ನಮ್ಮ ಸ್ಪಷ್ಟ ಮತ. ಸರಕಾರವನ್ನು ಹಾಗೆಂದು ಒತ್ತಾಯಿಸುವ ಮೊದಲ ಸಹಿ ತಮ್ಮದಾಗಲಿ.